ಆಗಸ್ಟ್‌ನಿಂದ ಇವತ್ತಿನವರೆಗೆ

ಮನೆ ವೈರಿಂಗಿಗೆ ಬಳಸುವ ವೈರ್ ಕಾಯಿಲ್ ಸಾಮಾನ್ಯವಾಗಿ 90 ಮೀಟರಿನದು. ಅಂಗಡಿಗೆ ಬರುವುದು ಕಾಯಿಲ್ ಲೆಕ್ಕದಲ್ಲಿ, ಗಿರಾಕಿಗೆ ಹೋಗುವುದು ಎಷ್ಟೋ ಸಲ ಮೀಟರ್ ಲೆಕ್ಕದಲ್ಲಿ. ನಾನು ಲೆಕ್ಕಪತ್ರ ನೋಡಿಕೊಡುವ, ಜೆ.ಪಿ. ನಗರದ ಸಾರಕ್ಕಿ ಕಡೆಯ ಎಲೆಕ್ಟ್ರಿಕಲ್ ಅಂಗಡಿಯೊಂದರಲ್ಲಿ ಹೊಸ ಬಗೆಯ ವೈರ್ ಸಾಫ್ಟ್‌ವೇರಿಗೆ ಸೇರುವಾಗ ಕಾಯಿಲಿಗೆ 100 ಮೀಟರ್ ಎಂದು ದಾಖಲಾಗಿತ್ತು. ಜನವರಿಯಲ್ಲಿ ಗೋಡೌನ್ ಎಣಿಕೆ ಮಾಡಿದಾಗಲೇ ಅದು ಬೆಳಕಿಗೆ ಬಂದದ್ದು.

ಆಗಸ್ಟ್‌ನ ಮೊದಲ ಬಿಲ್ಲನ್ನೇ ನೋಡಿ. 40 ಕಾಯಿಲ್, ಒಂದಕ್ಕೆ 1,800 ರೂಪಾಯಿ, ಒಟ್ಟು 72,000. ನಿಜವಾಗಿ ಬಂದದ್ದು 3,600 ಮೀಟರ್, ಮೀಟರಿಗೆ 20 ರೂಪಾಯಿ. ಸಾಫ್ಟ್‌ವೇರ್ ಹಿಡಿದದ್ದು 4,000 ಮೀಟರ್, ಮೀಟರಿಗೆ 18. ಮಾಲು ಪೂರ್ತಿ ಮಾರಿಹೋದ ಮೇಲೂ ಪುಸ್ತಕದಲ್ಲಿ 400 ಮೀಟರ್ ಉಳಿದಿತ್ತು. ಇಲ್ಲದ ವೈರಿಗೆ 7,200 ರೂಪಾಯಿ ಬೆಲೆ, ಅಷ್ಟೇ ಮೊತ್ತದ ಬಾರದ ಲಾಭ! ಅದಕ್ಕಿಂತ ನನಗೆ ನೋವಾದದ್ದು ಬೇರೆ: ಆ 18 ರೂಪಾಯಿಯನ್ನೇ ಅಸಲು ಎಂದು ನಂಬಿ ಮಾಲೀಕರು ಕಂಟ್ರಾಕ್ಟರುಗಳಿಗೆ ದರ ಹೇಳುತ್ತಿದ್ದರು.

ಇವತ್ತಿನ ತಾರೀಖಿಗೆ ಒಂದು ಸ್ಟಾಕ್ ಅಡ್ಜಸ್ಟ್‌ಮೆಂಟ್ ಹಾಕಿ ಹೆಚ್ಚುವರಿ ಮೀಟರುಗಳನ್ನು ತೆಗೆದುಬಿಡಬಹುದಿತ್ತು. ಆಗ ನಷ್ಟವೆಲ್ಲ ಜನವರಿಯ ತಲೆಗೆ ಬೀಳುತ್ತದೆ, ಹಿಂದಿನ ತಿಂಗಳುಗಳ ಸುಳ್ಳು ಲಾಭ ಹಾಗೇ ಇರುತ್ತದೆ. ಇನ್ನೊಂದು ಸಲಹೆ, ಇಡೀ ಡೇಟಾವನ್ನು ಮೊದಲಿನಿಂದ ರೀಪ್ರೊಸೆಸ್ ಮಾಡುವುದು. ಅದನ್ನು ನಾನು ಖಡಾಖಂಡಿತವಾಗಿ ಬೇಡವೆಂದೆ. ಹಿಂದಿನ ವರ್ಷಗಳ ಮಾರ್ಚ್ 31ರ ಸ್ಟಾಕಿಗೆ ಆಡಿಟರ್ ಸಹಿ ಬಿದ್ದಿದೆ, ರಿಟರ್ನ್ ಹೋಗಿದೆ. ಅಲ್ಲಿ ಒಂದು ರೂಪಾಯಿ ಅಲುಗಿದರೂ ಉತ್ತರ ಕೊಡಬೇಕಾಗುತ್ತದೆ.

"ಹಾಗಾದರೆ ಆಗಸ್ಟ್ ಒಂದು ತಿಂಗಳು ಸರಿ ಮಾಡಿಕೊಡಿ ಸರ್, ಸಾಕು," ಅಂದರು ಮಾಲೀಕರು.

ನಾನು ಕಲಿತದ್ದೆಲ್ಲ ಈ ಮಾತಿಗೆ ಉತ್ತರ ಹುಡುಕುವಾಗಲೇ. ಸರಾಸರಿ ದರದ ಪದ್ಧತಿಯಲ್ಲಿ ಪ್ರತಿ ಎಂಟ್ರಿಯೂ ಹಿಂದಿನ ಸ್ಟಾಕ್ ಬಾಕಿಯ ಮೇಲೆ ನಿಂತಿರುತ್ತದೆ. ಇಆರ್‌ಪಿನೆಕ್ಸ್ಟ್‌ನಂಥ ತಂತ್ರಾಂಶಗಳು ಆ ಬಾಕಿಯನ್ನು ಪ್ರತಿ ಸಾಲಿನಲ್ಲೂ ಬರೆದಿಟ್ಟುಕೊಳ್ಳುತ್ತವೆ. ಹಿಂದಿನ ತಾರೀಖಿನ ಒಂದು ಸಾಲು ಬದಲಾದರೆ ಮುಂದಿನದ್ದನ್ನೆಲ್ಲ ಮತ್ತೆ ಲೆಕ್ಕ ಹಾಕಲೇಬೇಕು. ಆಗಸ್ಟ್ 31ಕ್ಕೆ ನಿಲ್ಲಿಸಿದರೆ ಸೆಪ್ಟೆಂಬರ್ 1 ಹಳೆಯ ತಪ್ಪು ಬಾಕಿಯಿಂದಲೇ ಶುರುವಾಗುತ್ತದೆ. ಅವಧಿಯನ್ನು ಮಿತಿಗೊಳಿಸಬಹುದಾದದ್ದು ಆರಂಭದ ಕಡೆ ಮಾತ್ರ, ಕೊನೆ ಇವತ್ತೇ. ಉಳಿದ ಮಿತಿಯನ್ನು ಐಟಂ ಮತ್ತು ಗೋಡೌನ್ ಆರಿಸಿ ತರಬೇಕು.

ಆರಂಭದ ದಿನವನ್ನೂ ತಪ್ಪು ಕಣ್ಣಿಗೆ ಬಿದ್ದ ದಿನದಿಂದ ಹಿಡಿಯಬಾರದು, ಮೊದಲ ತಪ್ಪು ಬಿಲ್ಲಿನಿಂದ ಹಿಡಿಯಬೇಕು. ನಮ್ಮದು ಹೊಸ ಐಟಂ, ಅದಕ್ಕೆ ಮುಂಚೆ ಬಾಕಿ ಸೊನ್ನೆ. ಹಾಗಾಗಿ ಆರಂಭದ ಅಂಕಿಯನ್ನು ಅನುಮಾನಿಸಬೇಕಾಗಿರಲಿಲ್ಲ. ಬಿಲ್ ಏಪ್ರಿಲ್ 1ರ ಈಚಿನದಾದ್ದರಿಂದ ಮುಗಿದ ವರ್ಷವೂ ಕದಲಲಿಲ್ಲ.

ಮೊದಲು ಬ್ಯಾಕಪ್, ಆಮೇಲೆ ಡೇಟಾದ ಒಂದು ನಕಲಿನ ಮೇಲೆ ಪ್ರಯೋಗ, ರಾತ್ರಿ ಬಿಲ್ಲಿಂಗ್ ನಿಂತ ಮೇಲೆ ಅಸಲಿ ಓಟ. ಫಲಿತಾಂಶ ಸರಿಯೇ ಎಂದು ನೋಡಲು ನೆರವಾದದ್ದು ಮಾಲೀಕರ ಆರ್ಡರ್ ಪುಸ್ತಕ. ವೈರ್ ಖಾಲಿಯಾದ ದಿನವನ್ನು ಅವರು ಕೈಯಲ್ಲಿ ಬರೆದಿಟ್ಟಿದ್ದರು. ತಿದ್ದಿದ ಲೆಕ್ಕದಲ್ಲೂ ಅದೇ ದಿನ ಬಾಕಿ ಸೊನ್ನೆಗೆ ಬಂತು.

ಮಾರಾಟದ ಬಿಲ್ಲುಗಳು ಬದಲಾಗದ ಕಾರಣ ಜಿಎಸ್‌ಟಿ ರಿಟರ್ನಿಗೆ ಕೈ ಹಾಕಬೇಕಾಗಲಿಲ್ಲ. ಬದಲಾದದ್ದು ಅಸಲು, ಲಾಭ, ಸ್ಟಾಕಿನ ಬೆಲೆ. ಕ್ಯಾಶ್ ಕ್ರೆಡಿಟ್ (ಸಿಸಿ) ಲಿಮಿಟ್ಟಿಗಾಗಿ ಬ್ಯಾಂಕಿಗೆ ತಿಂಗಳು ತಿಂಗಳು ಕೊಟ್ಟಿದ್ದ ಸ್ಟಾಕ್ ಸ್ಟೇಟ್‌ಮೆಂಟುಗಳಲ್ಲಿ ಇಲ್ಲದ ವೈರೂ ಸೇರಿತ್ತು. ತಿದ್ದಿದ ಪಟ್ಟಿಯನ್ನು ನಾವೇ ಒಯ್ದು ಕೊಟ್ಟೆವು. ಎಂಟ್ರಿಗಳ ಪ್ರತಿ ಬದಲಾವಣೆಯನ್ನೂ ದಾಖಲಿಸುವ ಎಡಿಟ್ ಲಾಗ್ 2023ರ ಏಪ್ರಿಲ್ 1ರಿಂದ ಕಡ್ಡಾಯವಾಗಿರುವುದು ಕಂಪನಿಗಳಿಗೆ. ಪಾಲುದಾರಿಕೆಯ ಈ ಅಂಗಡಿಗಲ್ಲ. ಆದರೂ ತಿದ್ದುಪಡಿಯ ಹಿಂದಿನ ಮತ್ತು ಮುಂದಿನ ಎರಡೂ ವರದಿ ಮುದ್ರಿಸಿ ಆಡಿಟರ್ ಫೈಲಿಗೆ ಸೇರಿಸಿದೆ.

ಅಂಗಡಿ ನಡೆಸುವವರಲ್ಲಿ ನನ್ನ ವಿನಂತಿ ಇಷ್ಟೇ: ಡೇಟಾ ಪೂರ್ತಿ ರೀಪ್ರೊಸೆಸ್ ಮಾಡಿಕೊಡುತ್ತೇವೆ ಎಂದು ಯಾರಾದರೂ ಬಂದರೆ, ಒಪ್ಪುವ ಮೊದಲು ಅವರಿಂದ ಮೊದಲ ತಪ್ಪು ಬಿಲ್ಲಿನ ತಾರೀಖು ಕೇಳಿ ಬರೆಸಿಕೊಳ್ಳಿ.