ಮಚ್ಚೆ ಕ್ಯಾನ್ಸರ್ ಆಗುವುದು ಹೇಗೆ?

“ನಮ್ಮ ಮನೆತನದಲ್ಲಿ ಯಾರಿಗೂ ಇಲ್ಲದ ರೋಗ ಇವರಿಗೇ ಹೇಗೆ ಬಂತು?” ಮೆಲನೋಮ ಎಂಬ ಚರ್ಮದ ಕ್ಯಾನ್ಸರ್ ಇದೆಯೆಂದು ತಿಳಿದಾಗ ರೋಗಿಯ ಕಡೆಯವರು ಕೇಳುವ ಮಾತಿದು. ಬಹುಪಾಲು ಜನರಿಗೆ ಈ ರೋಗ ವಂಶದಿಂದ ಬರುವುದಿಲ್ಲ. ಮುಟ್ಟಿದರೆ ಅಂಟುವುದೂ ಇಲ್ಲ. ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶದ ಜೀನ್‌ಗಳಲ್ಲಿ (ವಂಶವಾಹಿಗಳಲ್ಲಿ) ಹುಟ್ಟಿದ ನಂತರ ಆಗುವ ಏರುಪೇರೇ ಇದಕ್ಕೆ ಕಾರಣ.

ಕೋಶದಲ್ಲಿರುವ ಜೀನ್‌ಗಳೆಲ್ಲ ಒಟ್ಟಿಗೆ ಕೆಲಸ ಮಾಡುವುದಿಲ್ಲ. ಯಾವುದು ನಡೆಯಬೇಕು, ಯಾವುದು ನಿಲ್ಲಬೇಕು ಎಂಬುದಕ್ಕೆ ಸ್ವಿಚ್‌ನಂಥ ಏರ್ಪಾಡಿದೆ. ‘ಬಿ-ರಾಫ್’ ಜೀನ್ ಕೆಟ್ಟರೆ ಕೋಶಕ್ಕೆ ಬೆಳೆಯುವ ಆಜ್ಞೆ ನಿಲ್ಲುವುದೇ ಇಲ್ಲ. ಮೆಲನೋಮದಲ್ಲಿ ಈ ದೋಷವಿರುವುದು 2002ರಲ್ಲಿ ಪತ್ತೆಯಾಯಿತು. ಆದರೆ ಎಷ್ಟೋ ನಿರಪಾಯದ ಮಚ್ಚೆಗಳಲ್ಲಿಯೂ ಇದೇ ದೋಷವಿದೆ! ಅವು ಬೆಳೆಯದೆ ನಿಂತಿರುವುದು ‘ಪಿ-16’ನಂಥ ತಡೆಗಳಿಂದ. ಎತ್ತು ಬೆದರಿದರೂ ಹಗ್ಗ ಕೈಯಲ್ಲಿದ್ದರೆ ಬಂಡಿ ನಿಲ್ಲುತ್ತದೆಯಲ್ಲವೆ? ಹಗ್ಗವೂ ತಪ್ಪಿದಾಗ ಮಚ್ಚೆ ಕೆರಳುತ್ತದೆ.

ಇನ್ನೊಂದು ತಡೆಯೂ ಇದೆ. ಕೋಶ ಒಡೆದು ಎರಡಾದಾಗಲೆಲ್ಲ ವರ್ಣತಂತುಗಳ ತುದಿ ಸವೆಯುತ್ತದೆ. ತೀರಾ ಸವೆದರೆ ಕೋಶ ಮತ್ತೆ ಒಡೆಯಲಾರದು. ತುದಿಯನ್ನು ರಿಪೇರಿ ಮಾಡುವ ‘ಟರ್ಟ್’ ಜೀನ್ ನಮ್ಮ ಹೆಚ್ಚಿನ ಕೋಶಗಳಲ್ಲಿ ಆರಿರುತ್ತದೆ. ಅನೇಕ ಮೆಲನೋಮಗಳಲ್ಲಿ ಈ ಜೀನ್ ಸರಿಯಾಗಿಯೇ ಇದ್ದು, ಅದರ ಸ್ವಿಚ್‌ನಲ್ಲಿ ಒಂದೇ ಒಂದು ‘ಅಕ್ಷರ’ ಬದಲಾಗಿ ಅದು ಮತ್ತೆ ಹೊತ್ತಿಕೊಂಡಿರುತ್ತದೆ ಎಂದು 2013ರಲ್ಲಿ ತಿಳಿಯಿತು. ಆಮೇಲೆ ಆ ಕೋಶಕ್ಕೆ ಮುಪ್ಪೇ ಇಲ್ಲ.

ಬಿಳಿಯ ಚರ್ಮದವರಲ್ಲಿ ಮೆಲನೋಮಕ್ಕೆ ಬಿಸಿಲು ದೊಡ್ಡ ಕಾರಣ. ನಮ್ಮ ಜನರಲ್ಲಿ ಈ ರೋಗ ಅಪರೂಪ. ಬಂದಾಗ ಅಂಗಾಲು, ಅಂಗೈ, ಉಗುರಿನ ಅಡಿ ಇಂಥ ಕಡೆ ಬರುವುದು ಹೆಚ್ಚು. ಅಲ್ಲಿ ಕೆಡುವ ಜೀನ್‌ಗಳು ಹಲವು ಸಲ ಬೇರೆ, ಆದರೆ ತಡೆಗಳು ಒಂದೊಂದಾಗಿ ತಪ್ಪುವುದು ಅಲ್ಲಿಯೂ ಉಂಟು.

ಸಾಮಾನ್ಯವಾಗಿ ಕಲೆ ಮೊದಲು ಚರ್ಮದ ಮೇಲ್ಪದರದಲ್ಲಿ ಹರಡಿ, ಅನಂತರ ಒಳಕ್ಕಿಳಿಯುತ್ತದೆ. 1 ಮಿ.ಮೀ. ಆಳವೂ ಇಳಿಯದಿರುವಾಗ ಶಸ್ತ್ರಕ್ರಿಯೆಯಾದರೆ ಬಹುತೇಕ ಜನ ಗುಣವಾಗುತ್ತಾರೆ. ಅಂಗಾಲಿನ ಕಪ್ಪು ಕಲೆ ದೊಡ್ಡದಾಗುತ್ತಿದ್ದರೆ, ಅಂಚು ಸೊಟ್ಟಗಾದರೆ, ರಕ್ತ ಜಿನುಗಿದರೆ ಆಣಿಯೆಂದು ಬ್ಲೇಡಿನಿಂದ ಕೆತ್ತಬೇಡಿ, ಸುಣ್ಣ ಹಚ್ಚಿ ಸುಡಬೇಡಿ, ವೈದ್ಯರಿಗೆ ತೋರಿಸಿ. ನೋವಿಲ್ಲವೆಂದು ಸುಗ್ಗಿ ಮುಗಿಯುವವರೆಗೆ ಕಾಯುವವರೇ ಹೆಚ್ಚು.

ರೋಗ ಹರಡಿದ್ದರೂ ದಾರಿಗಳಿವೆ. ಬಿ-ರಾಫ್ ದೋಷವನ್ನು ಅದುಮುವ ಮಾತ್ರೆಗಳು 2011ರಿಂದ ಬಳಕೆಗೆ ಬಂದಿವೆ. ಆ ದೋಷವಿದ್ದವರಿಗೆ ಮಾತ್ರ ಅವು ಉಪಯುಕ್ತ. ಇದನ್ನು ತಿಳಿಯಲು ಬಯಾಪ್ಸಿಯ ತುಣುಕೇ ಬೇಕು. ಅದನ್ನು ಮೇಣದಲ್ಲಿ ಕೂಡಿಸಿ ‘ಬ್ಲಾಕ್’ ಮಾಡಿ ಇಟ್ಟಿರುತ್ತಾರೆ. ದೊಡ್ಡ ಆಸ್ಪತ್ರೆಗೆ ಹೋಗುವಾಗ ರಿಪೋರ್ಟಿನ ಜೊತೆಗೆ ಬ್ಲಾಕನ್ನೂ ಕೇಳಿ ಪಡೆದುಕೊಳ್ಳಿ.