ಟ್ರಾಮ್ಸೊ–ಲಾಂಗ್‌ಇಯರ್‌ಬ್ಯೆನ್: ದೂರ ಮತ್ತು ಹಾರಾಟದ ಅವಧಿ

ಉತ್ತರ ನಾರ್ವೆಯ ಟ್ರಾಮ್ಸೊ ಇರುವುದು ಸುಮಾರು 69.7° ಉತ್ತರ ಅಕ್ಷಾಂಶದಲ್ಲಿ. ಸ್ವಾಲ್ಬಾರ್ಡ್ ದ್ವೀಪಸಮೂಹದ ಆಡಳಿತ ಕೇಂದ್ರ ಲಾಂಗ್‌ಇಯರ್‌ಬ್ಯೆನ್ ಸುಮಾರು 78.2°ಯಲ್ಲಿ. ವಾಯುಮಾರ್ಗದ ನೇರ ದೂರ ಸುಮಾರು 960 ಕಿ.ಮೀ. ಇದನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಎರಡೂ ಊರುಗಳ ರೇಖಾಂಶ ಹತ್ತಿರಹತ್ತಿರ ಇದೆ. ಧ್ರುವದ ಕಡೆ ರೇಖಾಂಶಗಳು ಒತ್ತೊತ್ತಾಗುವುದರಿಂದ ಆ ಅಲ್ಪ ಅಂತರವೂ ಲೆಕ್ಕಕ್ಕೆ ಬರುವುದಿಲ್ಲ. ಅಕ್ಷಾಂಶದ ಒಂದು ಡಿಗ್ರಿಗೆ ಸುಮಾರು 111 ಕಿ.ಮೀ. ಆದ್ದರಿಂದ ವ್ಯತ್ಯಾಸ 8.5ನ್ನು 111ರಿಂದ ಗುಣಿಸಿ: ಸುಮಾರು 944 ಕಿ.ಮೀ. ಪರೀಕ್ಷೆಯಲ್ಲಿ ಸರಿಯುತ್ತರ ಗುರುತಿಸಲು ಇಷ್ಟು ಸಾಕು.

ಹಾರಾಟಕ್ಕೆ ಸುಮಾರು 1 ಗಂಟೆ 40 ನಿಮಿಷ. ಗಂಟೆಗೆ 800 ಕಿ.ಮೀ. ವೇಗವೆಂದು ಭಾಗಿಸಿದರೆ 1 ಗಂಟೆ 12 ನಿಮಿಷವಷ್ಟೇ ಬರುತ್ತದೆ. ಉಳಿದದ್ದು ಏರುವ, ಇಳಿಯುವ ಹೊತ್ತು. ಅಭ್ಯರ್ಥಿಗಳು ಎಡವುವುದು ಇಲ್ಲೇ.

ನಡುವೆ ಸಮುದ್ರ, ರಸ್ತೆಯ ಮಾತಿಲ್ಲ. ನಾರ್ವೆ ಷೆಂಗೆನ್ ವಲಯದಲ್ಲಿದ್ದರೂ ಸ್ವಾಲ್ಬಾರ್ಡ್ ಅದರ ಹೊರಗಿದೆ. ಹಾಗಾಗಿ ಈ ಪ್ರಯಾಣಕ್ಕೆ ಪಾಸ್‌ಪೋರ್ಟ್ ತಪಾಸಣೆ ಉಂಟು.

ಸ್ವಾಲ್ಬಾರ್ಡ್ ಜೊತೆಗಿನ ಭಾರತದ ನಂಟನ್ನು ಮಾತ್ರ ಮರೆಯಬೇಡಿ. 1920ರ ಸ್ವಾಲ್ಬಾರ್ಡ್ ಒಪ್ಪಂದಕ್ಕೆ ಬ್ರಿಟಿಷ್ ಆಳ್ವಿಕೆಯ ಭಾರತವೂ ಸಹಿ ಹಾಕಿತ್ತು. ಲಾಂಗ್‌ಇಯರ್‌ಬ್ಯೆನ್‌ನಿಂದ ನೂರು ಕಿ.ಮೀ.ಗೂ ಹೆಚ್ಚು ದೂರದ ನೈ-ಆಲೆಸುಂಡ್‌ನಲ್ಲಿ ನಮ್ಮ ‘ಹಿಮಾದ್ರಿ’ ಸಂಶೋಧನಾ ಕೇಂದ್ರ 2008ರಲ್ಲಿ ಆರಂಭವಾಯಿತು.