ಘಟ್ಟದ ಮಳೆಯಲ್ಲಿ ಒಂಟಿ ಸೈಕಲ್

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುತ್ತದೆ. ಬೆಂಗಳೂರಿನದು ಸಾವಿರದ ಆಸುಪಾಸು. ಆಗುಂಬೆಯಂಥ ಕಡೆ ಮಳೆಗಾಲದಲ್ಲೇ ಸೈಕಲ್ ಯಾಕೆ ಎಂದು ಮನೆಯವರು ಈಗಲೂ ಕೇಳುತ್ತಾರೆ. ತೀರ್ಥಹಳ್ಳಿಯಿಂದ ಮೇಗರವಳ್ಳಿ, ಗುಡ್ಡೇಕೇರಿ ದಾಟಿ ಆಗುಂಬೆ ಮುಟ್ಟುವ ರಸ್ತೆಯಲ್ಲಿ ಪುನರ್ವಸು ಮಳೆ ಹಿಡಿದಾಗ ಸದ್ದು ಮೊದಲು ಬರುತ್ತದೆ. ಆಚೆ ಗುಡ್ಡದಲ್ಲಿ ಹುಟ್ಟಿ, ಅಡಿಕೆ ತೋಟದ ತಲೆಯ ಮೇಲೆ ಹಾದು ಹತ್ತಿರವಾಗುತ್ತದೆ; ಹನಿ ಬೀಳುವುದು ಆಮೇಲೆ. ಕಾರಿನಲ್ಲಿ ಕೂತವರಿಗೆ ಆ ನಡುವಿನ ಹೊತ್ತು ಸಿಗುವುದಿಲ್ಲ. ನಾನು ಹೋಗುವುದು ಅದಕ್ಕೆ. ಒಬ್ಬರೇ ಹೋಗಬೇಕೆನ್ನುವವರಿಗೆ ಉಪಯೋಗವಾದೀತೆಂದು, ನಾನು ತಡವಾಗಿ ಕಲಿತ ಕೆಲವನ್ನು ಬರೆಯುತ್ತಿದ್ದೇನೆ.

1. ಬ್ರೇಕನ್ನು ಬೇಕಾಗುವುದಕ್ಕೆ ಮುಂಚೆಯೇ ಒತ್ತಿ.

ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವ ಘಾಟಿಯಲ್ಲಿ 14 ಕಡಿದಾದ ತಿರುವುಗಳಿವೆ. ನನ್ನ ಸೈಕಲ್ಲಿಗಿರುವುದು ರಿಮ್ಮನ್ನು ಹಿಡಿಯುವ ರಬ್ಬರ್ ಬ್ರೇಕು. ಮೊದಲ ಸಲ ಮಳೆಯಲ್ಲಿ ಇಳಿದಾಗ, ಬಿಸಿಲಲ್ಲಿ ಒತ್ತುವ ಜಾಗಕ್ಕೆ ಬಂದೇ ಒತ್ತಿದೆ. ಸೈಕಲ್ ಹಾಗೇ ಓಡಿತು. ಕೆಳಗಿನಿಂದ ಮಿನಿ ಬಸ್ಸೊಂದು ಏರಿ ಬರುತ್ತಿತ್ತು. ಎಡಕ್ಕೆ ಎಳೆದುಕೊಂಡು ಗುಡ್ಡದ ಬದಿಯ ಚರಂಡಿಗೆ ಬಿದ್ದೆ. ಮೊಣಕೈ ತರಚಿತು, ಮುಂದಿನ ಚಕ್ರ ಬಾಗಿತು, ಚಾಲಕರು ಬಸ್ ನಿಲ್ಲಿಸಿ ಇಳಿದು ಬಂದರು. ಅವರ ಮುಖದಲ್ಲಿದ್ದ ಗಾಬರಿ ನನ್ನದಕ್ಕಿಂತ ಹೆಚ್ಚಿತ್ತು. ಇನ್ನೊಬ್ಬರನ್ನು ಹಾಗೆ ಹೆದರಿಸಿದೆನಲ್ಲ ಎಂಬ ಸಂಕಟ ಗಾಯ ಮಾಯ್ದ ಮೇಲೂ ಉಳಿಯಿತು.

ಕಾರಣ ಆಮೇಲೆ ತಿಳಿಯಿತು. ಒದ್ದೆ ರಿಮ್ಮಿನ ಮೇಲೆ ನೀರಿನ ಪದರ ಕೂತಿರುತ್ತದೆ. ಚಕ್ರದ ಮೊದಲ ಕೆಲವು ಸುತ್ತುಗಳಲ್ಲಿ ರಬ್ಬರು ಆ ನೀರನ್ನು ಒರೆಸುತ್ತದೆ ಅಷ್ಟೆ, ಹಿಡಿತ ಸಿಗುವುದು ಅದಾದ ಮೇಲೆ. ಈಗ ತಿರುವು ಕಾಣುವ ಮೊದಲೇ ಎರಡೂ ಬ್ರೇಕನ್ನು ಹಗುರವಾಗಿ ತಾಗಿಸಿ ರಿಮ್ ಒರೆಸಿಕೊಂಡು, ವೇಗವನ್ನು ನೇರ ದಾರಿಯಲ್ಲೇ ಇಳಿಸಿಕೊಳ್ಳುತ್ತೇನೆ. ತಿರುವಿನ ಒಳಗೆ ಬ್ರೇಕ್ ಮುಟ್ಟುವುದಿಲ್ಲ. ಇಳಿದು ಮುಗಿದಾಗ ರಿಮ್ಮಿನ ತುಂಬ ಕಪ್ಪು ರಾಡಿ ಮೆತ್ತಿರುತ್ತದೆ. ಬೆರಳಿಗೆ ಹಚ್ಚಿ ಉಜ್ಜಿದರೆ ಮರಳು ಸಿಗುತ್ತದೆ, ಸವೆದ ರಬ್ಬರೂ ಲೋಹದ ಪುಡಿಯೂ ಅದರಲ್ಲಿವೆ. ಹೊರಡುವ ಹಿಂದಿನ ದಿನ ಬ್ರೇಕ್ ರಬ್ಬರಿನ ದಪ್ಪ ನೋಡಿ, ಅದರೊಳಗೆ ಹೂತ ಹರಳುಗಳನ್ನು ಪಿನ್ನಿನಿಂದ ಕಿತ್ತು ತೆಗೆಯಿರಿ.

2. ಒಣಗಿರುವುದು ಆಗದ ಮಾತು, ಬೆಚ್ಚಗಿರಿ.

ದುಬಾರಿ ರೈನ್‌ಕೋಟ್ ತೊಟ್ಟರೂ ಏರು ತುಳಿಯುವಾಗ ಒಳಗಿನ ಬೆವರಿಗೇ ಮೈ ತೊಯ್ಯುತ್ತದೆ. ಹತ್ತುವಾಗ ಚಳಿ ಗೊತ್ತಾಗುವುದಿಲ್ಲ. ಇಳಿಯಲು ತೊಡಗಿದೊಡನೆ ಗಾಳಿ ಬಡಿದು ಕೈ ಮರಗಟ್ಟುತ್ತದೆ, ಬ್ರೇಕಿನ ಹಿಡಿ ಎಷ್ಟು ಒತ್ತಿದೆನೆಂಬುದು ಬೆರಳಿಗೇ ತಿಳಿಯುವುದಿಲ್ಲ. ಮಲೆನಾಡಿನವರು ಗದ್ದೆಗೆ ಕಂಬಳಿಕೊಪ್ಪೆ ಹಾಕಿಕೊಂಡು ಹೋಗುತ್ತಿದ್ದುದರ ಅರ್ಥ ನನಗಾದದ್ದು ಅಲ್ಲಿ: ಉಣ್ಣೆ ನೆನೆದರೂ ಬೆಚ್ಚಗಿಡುತ್ತದೆ, ಹತ್ತಿ ಬಟ್ಟೆ ನೆನೆದರೆ ಮೈಯ ಶಾಖವನ್ನೇ ಹೀರುತ್ತದೆ. ತೆಳ್ಳನೆಯ ಉಣ್ಣೆ ಬನಿಯನ್ ಒಂದನ್ನು ಎರಡು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಇಟ್ಟುಕೊಳ್ಳಿ. ಆಗುಂಬೆ ಪೇಟೆಯಲ್ಲಿ ಚಹಾ ಕುಡಿಯುವಾಗಲೇ ಬದಲಿಸಿ. ನಡುಕ ಶುರುವಾಗುವವರೆಗೆ ಕಾದರೆ ಗುಂಡಿ ಹಾಕಲೂ ಬೆರಳು ಬಗ್ಗುವುದಿಲ್ಲ.

3. ನೀರು ನಿಂತ ಕಡೆ ಗುಂಡಿ ಇದೆ ಎಂದೇ ತಿಳಿಯಿರಿ.

ಗುಂಡಿಯಷ್ಟೇ ಅಲ್ಲ, ಜಾರುವ ಜಾಗಗಳನ್ನೂ ಗಮನಿಸಿ. ರಸ್ತೆಗೆ ಬಳಿದ ಬಿಳಿ ಗೆರೆ, ಸೇತುವೆಯ ಕಬ್ಬಿಣದ ಪಟ್ಟಿ, ಮರದ ನೆರಳಲ್ಲಿ ಹಾವಸೆ ಕಟ್ಟಿದ ಅಂಚು, ಇವುಗಳ ಮೇಲೆ ಹ್ಯಾಂಡಲ್ ತಿರುಗಿಸಬೇಡಿ. ನೇರವಾಗಿ ದಾಟಿ. ಬಹಳ ದಿನದ ಬಿಸಿಲಿನ ಮೇಲೆ ಬೀಳುವ ಮೊದಲ ಮಳೆಯಲ್ಲಿ ಧೂಳು, ಎಣ್ಣೆ ಎಲ್ಲ ಮೇಲೆದ್ದು ರಸ್ತೆ ಹೆಚ್ಚು ಜಾರುತ್ತದೆ. ಚೆನ್ನಾಗಿ ಹೊಡೆದು ತೊಳೆದ ಮೇಲೆ ಎಷ್ಟೋ ವಾಸಿ.

4. ರಸ್ತೆಯ ಮೇಲೆ ನೀರು ಹರಿಯುತ್ತಿದ್ದರೆ ಹಿಂದಿರುಗಿ.

ಒಳದಾರಿಯೊಂದರಲ್ಲಿ ಮೋರಿಯ ಮೇಲೆ ಕೆಂಪು ನೀರು ಹರಿಯುತ್ತಿತ್ತು. ಮೊಣಕಾಲು ಮುಟ್ಟುವಷ್ಟೂ ಇರಲಿಲ್ಲ. ಸೈಕಲ್ ತಳ್ಳಿಕೊಂಡು ಇಳಿದೆ. ನಾಲ್ಕು ಹೆಜ್ಜೆಗೆ ನೀರು ಚಕ್ರದ ಕಡ್ಡಿಗಳನ್ನು ಹಿಡಿದು ಸೈಕಲ್ಲನ್ನು ಪಕ್ಕಕ್ಕೆ ಎಳೆಯತೊಡಗಿತು, ಜೊತೆಗೆ ನನ್ನನ್ನೂ. ಮೇಲಿನ ತೋಟದಿಂದ ಯಜಮಾನರೊಬ್ಬರು ಕೂಗಿದರು: "ಎಂತ ಮಾರಾಯಾ, ಸೈಕಲ್ ಬಿಟ್ಟು ಹಿಂದೆ ಬಾ! ಹಳ್ಳ ನಿನ್ನೆ ಇದ್ದ ಹಾಂಗೆ ಇವತ್ತು ಇರಲ್ಲ." ಸೈಕಲ್ ಬಿಡಲು ಮನಸ್ಸಾಗದೆ ಎಳೆದುಕೊಂಡೇ ಹೇಗೋ ಹಿಂದೆ ಬಂದೆ. ಅರ್ಧ ಗಂಟೆಯಲ್ಲಿ ಮೋರಿಯ ಬದಿಗಲ್ಲೇ ಕಾಣದಾಯಿತು. ಅವರ ಮನೆಯ ಜಗಲಿಯಲ್ಲಿ ಕೂತು ಅದನ್ನು ನೋಡಿದೆ.

ಇಬ್ಬರಿದ್ದರೆ ಒಬ್ಬರಾದರೂ "ಬೇಡ" ಎನ್ನುತ್ತಾರೆ. ಒಬ್ಬರೇ ಇದ್ದಾಗ ಆ "ಬೇಡ"ವನ್ನು ಮನೆಯಲ್ಲೇ ಹೇಳಿಕೊಂಡು ಹೊರಡಬೇಕು, ಏಕೆಂದರೆ ನೀರಿನ ಅಂಚಿಗೆ ಬಂದು ನಿಂತಾಗ ಇಷ್ಟು ದೂರ ತುಳಿದ ಕಾಲು ಮುಂದೆ ಹೋಗೆಂದೇ ಹೇಳುತ್ತದೆ. ಹರಿವ ನೀರು ಪಾದ ಮುಳುಗಿಸಿದರೂ ಸಾಕು, ತಿರುಗುತ್ತೇನೆ. ದರೆ ಕುಸಿದು ಮಣ್ಣು ಬಿದ್ದಿದ್ದರೂ ಅಷ್ಟೆ. ಅದರ ಮೇಲೆ ಸೈಕಲ್ ಹೊತ್ತು ದಾಟುವಾಗ ಮತ್ತೊಂದಷ್ಟು ಜಾರಬಹುದು. ದರೆ, ಹಳ್ಳಗಳ ಸುದ್ದಿಯನ್ನು ಹೊರಡುವ ಮುನ್ನ ಆ ಕಡೆಯಿಂದ ಬಂದ ಬಸ್ಸಿನ ಕಂಡಕ್ಟರರನ್ನು ಕೇಳಿ. ನನಗೆ ಗೊತ್ತಿರುವಂತೆ ಅದಕ್ಕಿಂತ ಖಚಿತ ಮಾಹಿತಿ ಬೇರೆಲ್ಲೂ ಸಿಗದು.

5. ಮನೆಯವರಿಗೆ ಗಂಟೆ ಹೇಳಬೇಡಿ, ಊರು ಹೇಳಿ.

"ನಾಲ್ಕಕ್ಕೆ ಫೋನ್ ಮಾಡ್ತೀನಿ" ಎಂದು ಒಮ್ಮೆ ಹೊರಟಿದ್ದೆ. ಕಾಡಿನ ನಡುವೆ ನೆಟ್‌ವರ್ಕ್ ಸಿಗಲಿಲ್ಲ, ಅಮ್ಮ ಕತ್ತಲಾಗುವವರೆಗೆ ಊಟ ಬಿಟ್ಟು ಕಾದಿದ್ದರು. ಈಗ ಯಾವ ಊರು ಮುಟ್ಟಿದ ಮೇಲೆ ಫೋನ್ ಬರುತ್ತದೆ, ನಡುವೆ ಎಲ್ಲಿ ಸಿಗ್ನಲ್ ಇಲ್ಲ, ಕತ್ತಲಾದರೂ ಬಾರದಿದ್ದರೆ ಯಾರಿಗೆ ಹೇಳಬೇಕು ಎಂದು ಕಾಗದದಲ್ಲಿ ಬರೆದಿಟ್ಟು ಬರುತ್ತೇನೆ.

6. ಪ್ಯಾಚ್ ನಂಬಬೇಡಿ, ಟ್ಯೂಬ್ ಒಯ್ಯಿರಿ.

ಒದ್ದೆ ರಬ್ಬರಿಗೆ ಸಲ್ಯೂಷನ್ ಹಿಡಿಯುವುದಿಲ್ಲ. ಮಳೆಯಲ್ಲಿ ಪಂಕ್ಚರೂ ಹೆಚ್ಚು. ನೀರಿನ ಜಾರಿಕೆಗೆ ಗಾಜಿನ ಚೂರು ಟೈರಿನೊಳಕ್ಕೆ ಸಲೀಸಾಗಿ ಇಳಿಯುತ್ತದೆ. ಚಕ್ರ ಬಿಚ್ಚಲು ಹುಲ್ಲಿನ ಮೇಲೆ ಕೂರಬೇಡಿ, ಉಂಬಳ ಹತ್ತುತ್ತವೆ. ಬಸ್‌ಸ್ಟಾಪಿನ ಸಿಮೆಂಟು ಕಟ್ಟೆಯವರೆಗೆ ತಳ್ಳಿಕೊಂಡು ಹೋಗಿ.

7. ಮನೆ ಮುಟ್ಟಿದ ದಿನವೇ ಸೈಕಲ್ ಬಿಚ್ಚಿ.

ಒಂದು ಮಳೆಗಾಲದಲ್ಲಿ ಹೊರಗನ್ನಷ್ಟೇ ಒರೆಸಿ ಗೋಡೆಗೆ ಒರಗಿಸಿಟ್ಟೆ. ಮಳೆ ಮುಗಿಯುವ ಹೊತ್ತಿಗೆ ಪೆಡಲ್ ತುಳಿದರೆ ಒಳಗೆ ಕರಕರ ಸದ್ದು. ಹಿಂದಿನ ಚಕ್ರ ಎರಚಿದ ನೀರು ಸೀಟಿನ ಕೊಳವೆಯ ಸಂದಿಯಲ್ಲಿ ಇಳಿದು, ಪೆಡಲ್ ತಿರುಗುವ ಬೇರಿಂಗಿನಲ್ಲಿ ನಿಂತು ತುಕ್ಕು ಹಿಡಿಸಿತ್ತು. ಸೀಟು ಎಷ್ಟೆತ್ತರಕ್ಕಿತ್ತೆಂದು ಗುರುತು ಹಾಕಿ, ಕೊಳವೆಯ ಸಮೇತ ಹೊರಗೆಳೆದು, ಸೈಕಲ್ಲನ್ನು ತಲೆಕೆಳಗಾಗಿ ರಾತ್ರಿಯಿಡೀ ನಿಲ್ಲಿಸಿ. ಚೈನನ್ನು ಒಣಬಟ್ಟೆಯಿಂದ ಒರೆಸಿ, ಕೊಂಡಿಕೊಂಡಿಗೂ ಒಂದೊಂದು ಹನಿ ದಪ್ಪ ಎಣ್ಣೆ ಬಿಟ್ಟು, ಹೊರಗೆ ಉಳಿದುದನ್ನು ಮತ್ತೆ ಒರೆಸಿ. ಹಾಗೇ ಬಿಟ್ಟರೆ ಮರುದಿನದ ಮರಳೆಲ್ಲ ಅದಕ್ಕೇ ಅಂಟುತ್ತದೆ. ಮಡ್‌ಗಾರ್ಡ್ ಇಲ್ಲದ ಸೈಕಲ್ಲಾದರೆ ಮುಂದಿನ ಸವಾರಿಗೆ ಮೊದಲು ಅದನ್ನೇ ಹಾಕಿಸಿ.